ಹಟ್ಟಿಗೆ ಹೆಣ್ಣು ಕೊಡುವ ಮಾತು

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಹಳೆಯ ಮಿತ್ರರೊಬ್ಬರು ಮನೆಗೆ ಬಂದರು. ಸೂಳೆಕೆರೆಯ ನಾಲೆಯ ಕೆಳಗೆ ನಾಲ್ಕೆಕರೆ ಅಡಿಕೆ ತೋಟ, ಒಂದಿಷ್ಟು ಭತ್ತದ ಗದ್ದೆ ಇಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿರುವ ಗೃಹಸ್ಥರು. ವಿಭೂತಿ ಧರಿಸಿದ ಹಣೆಯನ್ನು ಎರಡು ಸಲ ಒರೆಸಿಕೊಂಡರು, ಮಳೆಯ ಮಾತಾಡಿದರು, ಅಡಿಕೆಯ ಧಾರಣೆಯ ಮಾತಾಡಿದರು. ಬಂದ ಕಾರ್ಯವನ್ನು ಮಾತ್ರ ಹೇಳಲಿಲ್ಲ. ಮನೆಯವರು ಕೊಟ್ಟ ಹಾಲನ್ನು ಕುಡಿದು ಲೋಟವನ್ನು ಕೆಳಗಿಟ್ಟ ಮೇಲೆ ಬಾಯಿ ಬಿಟ್ಟರು.

"ಶಾಸ್ತ್ರಿಗಳೇ, ಎರಡನೆಯ ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಡಿಪ್ಲೊಮಾ ಓದಿದ್ದಾನೆ. ಮನೆತನ ನಮ್ಮ ಪೈಕಿಯೇ, ಮೂಲ ಜಗಳೂರು ಕಡೆಯವರು. ಆದರೆ ಇರುವುದು ಹಟ್ಟಿ ಚಿನ್ನದ ಗಣಿಯಲ್ಲಿ. ಹುಡುಗನ ತಂದೆಯೂ ಅಲ್ಲೇ ದುಡಿದು ನಿವೃತ್ತರಾದವರು. ನೆಲದೊಳಗೆ ಇಳಿಯುವವನಿಗೆ ಮಗಳನ್ನು ಕೊಡುವುದು ಹೇಗೆ? ನಿಮ್ಮ ಜೊತೆ ಮಠದಲ್ಲಿ ಓದಿದವರು ಲಿಂಗಸುಗೂರಿನಲ್ಲಿ ಇದ್ದಾರಲ್ಲ. ಒಂದು ಸಲ ಹೋಗಿ ಕಣ್ಣಾರೆ ನೋಡಿ ಬಂದರೆ ನನಗೆ ಧೈರ್ಯ."

ನಮಗೆ ಒಳಗೊಳಗೇ ನಗು ಬಂದಿತು. ಚಿನ್ನದ ಗಣಿಯೆಂದರೆ ಬೆಚ್ಚುವ ಈ ಗೌಡರ ನೆರೆಯ ತಾಲ್ಲೂಕಿನ ಹೆಸರೇ ಹೊನ್ನಾಳಿ. ನ್ಯಾಮತಿಯ ಕಡೆ ಕುದುರೆಕೊಂಡ, ಪಲವನಹಳ್ಳಿಗಳ ಸುತ್ತ ಹಿಂದಿನವರು ಹೊನ್ನಿಗಾಗಿ ತೋಡಿದ ಗುಂಡಿಗಳು ಇದ್ದುವು. ಬ್ರಿಟಿಷರ ಕಾಲದಲ್ಲಿ ಕಂಪನಿಗಳೂ ಅಲ್ಲಿ ಕೈಹಾಕಿ ನೋಡಿ, ಹಾಕಿದ ಬಂಡವಾಳ ಹುಟ್ಟದೆ ಎದ್ದುಹೋದವು. ಆ ಗುಂಡಿಗಳಲ್ಲಿ ಹೊನ್ನು ಧಾರಾಳವಾಗಿ ಸಿಕ್ಕಿದ್ದರೆ ಇಂದು ರಾಯಚೂರಿನ ತಂದೆಯೊಬ್ಬರು "ಹೊನ್ನಾಳಿಗೆ ಹೆಣ್ಣು ಕೊಡುವುದು ಹೇಗೆ" ಎಂದು ಚಿಂತಿಸುತ್ತಿದ್ದರೇನೋ.

ಆದರೆ ಗೌಡರ ಭಯ ಹುಸಿಯಾಗಿರಲಿಲ್ಲ. ಅದರ ಬೇರು ಭದ್ರಾವತಿಯಲ್ಲಿತ್ತು. ಅವರ ಚಿಕ್ಕಪ್ಪನವರು ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬರುತ್ತಿದ್ದ ಕಾಲದಲ್ಲಿ, ಚನ್ನಗಿರಿ ಸೀಮೆಯ ಎಷ್ಟೋ ಮನೆಗಳಲ್ಲಿ "ಕಾರ್ಖಾನೆಯ ಹುಡುಗ" ಎಂಬುದೇ ವರನಿಗೆ ದೊಡ್ಡ ಬಿರುದಾಗಿತ್ತು. 2023ರ ಜನವರಿಯಲ್ಲಿ ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ, ಆ ಮನೆಗಳವರು ಗೇಟಿನ ಮುಂದೆ ಕುಳಿತದ್ದನ್ನು ಗೌಡರು ಹೋಗಿ ನೋಡಿ ಬಂದಿದ್ದರು. ನೂರು ವರ್ಷ ಉರಿದ ಒಲೆಯೂ ಆರುತ್ತದೆಂಬುದನ್ನು ಕಂಡವರಿಗೆ ಇನ್ನೊಂದು ಒಲೆಯನ್ನು ನಂಬುವುದು ಸುಲಭವಲ್ಲ. ನಾವು ಹೊರಡಲು ಒಪ್ಪಿದೆವು.

ದಾವಣಗೆರೆ, ಹರಪನಹಳ್ಳಿ ದಾಟಿ ಹೊಸಪೇಟೆಗೆ ಬರುವಷ್ಟರಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದೆ. ಹದಿನೈದು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನಾವು ಬಂದಾಗ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ; ಬೇವಿನ ಎಲೆಯೂ ಕೆಂಪು, ಮನೆಯ ಮಾಡೂ ಕೆಂಪು, ಶಾಲೆಗೆ ಹೋಗುವ ಮಕ್ಕಳ ಅಂಗಿಯೂ ಕೆಂಪು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಒಂದೇ ದಿನದಲ್ಲಿ ದಾರಿ ಬರಿದಾಯಿತು. ಅನಂತರ ಮಿತಿಗಳಿಗೆ ಒಳಪಟ್ಟು ಗಣಿಗಳು ಮತ್ತೆ ತೆರೆದವು. ಆ ಕಾಲದಲ್ಲಿ ಸಾಲ ಮಾಡಿ ಲಾರಿ ಕೊಂಡವರ ಗತಿ ಏನಾಯಿತೆಂಬುದು ಬೇರೆಯೇ ಪುರಾಣ. ಅದನ್ನು ಇನ್ನೊಮ್ಮೆ ಬರೆಯೋಣ.

ಗಂಗಾವತಿಯಿಂದ ಕಾರಟಗಿ, ಸಿಂಧನೂರುಗಳವರೆಗೆ ಕಣ್ಣಿಗೆ ಹಸಿರು. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತ. ನಮ್ಮ ಭದ್ರೆಯ ನೀರೇ ಇಷ್ಟು ದೂರ ಬಂದು ಈ ಕಪ್ಪು ನೆಲವನ್ನು ನೆನೆಸುತ್ತಿದೆಯಲ್ಲ ಎಂದು ಬಸ್ಸಿನ ಕಿಟಕಿಯಲ್ಲಿ ಕುಳಿತು ಸಂತೋಷಪಟ್ಟೆವು. ಕಾಲುವೆಯ ನೀರು ಮುಟ್ಟದ ಕಡೆಗೆ ಬಂದ ಕೂಡಲೆ ಜೋಳ, ತೊಗರಿ, ಬಂಡೆಗಲ್ಲು.

ಮಸ್ಕಿಯಲ್ಲಿ ನಾವು ಇಳಿದುಬಿಟ್ಟೆವು. ವಿದ್ಯಾರ್ಥಿ ದೆಸೆಯಲ್ಲಿ ಪುಸ್ತಕದಲ್ಲಿ ಓದಿದ್ದ ಶಾಸನವನ್ನು ನೋಡದೆ ಮುಂದೆ ಹೋಗುವುದು ನಮ್ಮಿಂದಾಗಲಿಲ್ಲ. ಊರ ಬೆಟ್ಟದ ಬುಡದಲ್ಲಿ, ಬಂಡೆಯ ಮರೆಯಲ್ಲಿ ಬ್ರಾಹ್ಮೀ ಲಿಪಿಯ ಕೆಲವು ಸಾಲುಗಳಿವೆ. 'ದೇವಾನಾಂಪ್ರಿಯ' ಎಂದು ತನ್ನನ್ನು ಕರೆದುಕೊಂಡು ದೇಶದ ತುಂಬ ಶಾಸನಗಳನ್ನು ಬರೆಸಿದ ದೊರೆ ಯಾರೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಆ ದೊರೆಯೇ ಅಶೋಕನೆಂದು ಹೆಸರು ಹಿಡಿದು ಹೇಳಿದ ಬಂಡೆ ಇದು. 1915ರಲ್ಲಿ ಇದನ್ನು ಕಂಡುಹಿಡಿದವರು ವಿದ್ವಾಂಸರಲ್ಲ, ಚಿನ್ನ ಹುಡುಕುತ್ತ ಅಲೆಯುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು! ಅಶೋಕನ ದಕ್ಷಿಣದ ರಾಜಧಾನಿ ಸುವರ್ಣಗಿರಿಯು ಈ ಸೀಮೆಯಲ್ಲೇ ಇದ್ದಿತೆಂದು ಪಂಡಿತರು ಭಾವಿಸುತ್ತಾರೆ. ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು. ಹೆಸರಿನಲ್ಲೇ ಚಿನ್ನವಿದ್ದ ಮೇಲೆ ಮೌರ್ಯರು ಇಷ್ಟು ದೂರ ಬಂದದ್ದು ಧರ್ಮಕ್ಕಾಗಿ ಮಾತ್ರವೇ ಎಂಬ ಸಂಶಯ ನಮಗೆ ಮೊದಲಿನಿಂದಲೂ ಉಂಟು.

ಲಿಂಗಸುಗೂರಿನಲ್ಲಿ ನಮ್ಮ ಸಹಪಾಠಿಗಳು ಕಾದಿದ್ದರು. ಮಠದ ಪಾಠಶಾಲೆಯಲ್ಲಿ ನಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವರು. ಈಗ ನಿವೃತ್ತ ಅಧ್ಯಾಪಕರು. ಅವರ ಜೊತೆಗೂಡಿ ಮರುದಿನ ಬೆಳಿಗ್ಗೆ ಹಟ್ಟಿಗೆ ಹೋದೆವು.

ನಮ್ಮ ಕಡೆ ಹಟ್ಟಿಯೆಂದರೆ ದನಕರು ಕಟ್ಟಿಕೊಂಡವರ ಕೇರಿ. ಚನ್ನಗಿರಿಯಿಂದ ಜಗಳೂರಿನವರೆಗೆ ಹಟ್ಟಿಯಿಲ್ಲದ ಊರುಂಟೆ? ಮೇವು ಮುಗಿದರೆ ಎದ್ದುಹೋಗುವ ಬಿಡಾರ ಎಂಬ ಅರ್ಥ ಆ ಮಾತಿನ ಬೆನ್ನಿಗೆ ಅಂಟಿಕೊಂಡೇ ಇದೆ. ಈ ಹಟ್ಟಿಯೂ ಹಿಂದೆ ಅಂಥದೇ ಒಂದು ಬಿಡಾರವಾಗಿದ್ದಿರಬೇಕು. ಈಗ ಅದು ಪಟ್ಟಣ ಪಂಚಾಯಿತಿ. ಒಂದು ಕಡೆ ಹಳೆಯ ಊರು, ಇನ್ನೊಂದು ಕಡೆ ಕ್ಯಾಂಪೆಂದು ಜನ ಕರೆಯುವ ಕಂಪನಿಯ ವಸತಿಗಳು. ದೂರದಿಂದಲೇ ಕಾಣುವುದು ಗಣಿಯ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರ, ಅದರ ತುದಿಯಲ್ಲಿ ತಿರುಗುವ ರಾಟೆ. ಅದರ ಹಿಂದೆ, ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣಿನ ಗುಡ್ಡ. ಹುಲ್ಲು ಕೂಡ ಅದರ ಮೇಲೆ ಮನಸ್ಸಿಟ್ಟು ಬೆಳೆದಂತೆ ತೋರಲಿಲ್ಲ.

ಇಲ್ಲಿಯ ಗಣಿ ಎಷ್ಟು ಹಳೆಯದೆಂಬುದನ್ನು ಕೇಳಿದರೆ ಓದುಗರು ಬೆರಗಾದಾರು. ಉಳಿಯ ಹೊರತು ಬೇರೆ ಸಾಧನವಿಲ್ಲದ ಕಾಲದಲ್ಲಿ ಜನರು ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರು ಸುರಿದು ಸೀಳಿ, ಆರುನೂರು ಅಡಿಗೂ ಮಿಕ್ಕಿ ಕೆಳಗೆ ಇಳಿದಿದ್ದರು. ಆ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲವನ್ನು ವಿಜ್ಞಾನಿಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದೆಂದು ನಿರ್ಣಯಿಸಿದ್ದಾರೆ. ಕಲ್ಲನ್ನು ಕುಟ್ಟಿ ಅರೆದ ಕುಳಿಗಳು ಸುತ್ತಲಿನ ಬಂಡೆಗಳ ಮೇಲೆ ಒರಳಿನಂತೆ ಉಳಿದಿವೆ. ಯಾರವರು, ಯಾವ ದೇವರಿಗೆ ಕೈಮುಗಿದು ಇಳಿಯುತ್ತಿದ್ದರು, ಮೇಲೆ ಕಾದು ಕುಳಿತ ಹೆಂಗಸರು ಯಾವ ಭಾಷೆಯಲ್ಲಿ ಅಳುತ್ತಿದ್ದರು? ಒಂದು ಹೆಸರೂ ಉಳಿದಿಲ್ಲ. ನಮ್ಮ ಸೂಳೆಕೆರೆಯ ನೀರಿನ ಅಡಿಯಲ್ಲಿ ಸ್ವರ್ಗಾವತಿಯೆಂಬ ಪಟ್ಟಣ ಮುಳುಗಿದೆಯೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆ ಕತೆಯಲ್ಲಿ ಕೆರೆ ಕಟ್ಟಿಸಿದ ಶಾಂತವ್ವನ ಹೆಸರಾದರೂ ಇದೆ. ಜಾಗ ಬಿಟ್ಟುಕೊಟ್ಟ ಸೂಳೆಯರು ಹಟ ಹಿಡಿದು ಕೆರೆಗೆ ತಮ್ಮ ಹೆಸರನ್ನು ಉಳಿಸಿಕೊಂಡರು. ಗಣಿಯಲ್ಲಿ ಅಷ್ಟೂ ಇಲ್ಲ.

ಮತ್ತೆ ನಿಜಾಮರ ಕಾಲದಲ್ಲಿ ಬ್ರಿಟಿಷರು ಬಂದು ತೋಡಿದರು, ಬಿಟ್ಟರು. 1947ರಲ್ಲಿ ಹೈದರಾಬಾದು ಚಿನ್ನದ ಗಣಿ ಕಂಪನಿ ಹುಟ್ಟಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರಿನೊಡನೆ ಗಣಿಯೂ ನಮ್ಮ ರಾಜ್ಯಕ್ಕೆ ಬಂದು ಕಂಪನಿಗೆ ಹಟ್ಟಿಯ ಹೆಸರಾಯಿತು. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದೇಶದಲ್ಲಿ ನೆಲದೊಳಗಿಂದ ಚಿನ್ನ ತೆಗೆಯುವ ಊರೆಂದರೆ ಹೆಚ್ಚು ಕಡಿಮೆ ಇದೊಂದೇ ಎನ್ನುವಂತಾಯಿತು.

ವರನ ಮನೆಯವರು ನಮ್ಮನ್ನು ಬಹಳ ಗೌರವದಿಂದ ಬರಮಾಡಿಕೊಂಡರು. ಹುಡುಗ ರಾತ್ರಿಯ ಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು ಬಂದು ನಮಸ್ಕರಿಸಿದ. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಮಾತ್ರ ನಡುಕವಿಲ್ಲ. ಮಗಳ ತಂದೆಯ ಪ್ರತಿನಿಧಿಯಾಗಿ ಬಂದಿದ್ದರಿಂದ ನಾವು ಸಂಕೋಚವನ್ನು ಬದಿಗಿಟ್ಟು ಎಲ್ಲವನ್ನೂ ಕೇಳಿದೆವು.

ದಿನಕ್ಕೆ ಮೂರು ಪಾಳಿ. ಇಳಿಯುವ ಮುಂಚೆ ತಲೆಗೆ ಶಿರಸ್ತ್ರಾಣ, ಹಣೆಗೆ ದೀಪ, ಕೈಗೆ ಟೋಕನ್. ಮೇಲೆ ಬಂದವನು ಟೋಕನ್ನನ್ನು ಒಪ್ಪಿಸಲೇಬೇಕು; ಒಪ್ಪಿಸದಿದ್ದರೆ ಆತ ಇನ್ನೂ ಒಳಗಿದ್ದಾನೆಂದು ಲೆಕ್ಕ. ಕೇಜ್ ಎಂಬ ಕಬ್ಬಿಣದ ಪಂಜರದಲ್ಲಿ ನಿಂತು ಇಳಿಯುತ್ತಾರೆ. ಕೆಳಗೆ ಅಂತಸ್ತುಗಳಿಗೆ ಹೆಸರಿಲ್ಲ, ಅಡಿಗಳ ಅಂಕಿಯೇ ಹೆಸರು. ಎರಡು ಸಾವಿರ ಅಡಿಗೂ ಕೆಳಗೆ ಕೆಲಸವಿದೆ. ಆಳಕ್ಕೆ ಹೋದಂತೆ ಸೆಕೆ ಹೆಚ್ಚುತ್ತದೆ, ಮೇಲಿನಿಂದ ಗಾಳಿಯನ್ನು ನೂಕಬೇಕು, ಒಸರುವ ನೀರನ್ನು ಎತ್ತಿ ಹಾಕಬೇಕು. ಗಣಿಯೆಂದ ಮೇಲೆ ಕಲ್ಲು ಕುಸಿಯುವ ಭಯ ಎಲ್ಲಿಯೂ ಇದ್ದದ್ದೇ. ಕುಸಿತಕ್ಕಿಂತ ಮೆಲ್ಲಗೆ ಬರುವ ಶತ್ರು ಧೂಳು. ಬೆಣಚುಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶವನ್ನು ಸೇರಿದರೆ ಅದು ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಔಷಧವಿಲ್ಲ. ಆದುದರಿಂದಲೇ ಈಗ ಬೈರಿಗೆಯ ಮೊನೆಗೆ ನೀರು ಬಿಡುತ್ತ ಕಲ್ಲನ್ನು ಕೊರೆಯುತ್ತಾರೆ, ಕಾಲಕಾಲಕ್ಕೆ ಎದೆಯ ಪರೀಕ್ಷೆ ಮಾಡಿಸುತ್ತಾರೆ. ಹುಡುಗನು ಇವೆಲ್ಲವನ್ನೂ ಏನೂ ಮರೆಮಾಚದೆ ಹೇಳಿದ. ಅವನ ಕೆಲಸ ಯಂತ್ರಗಳನ್ನು ನೋಡಿಕೊಳ್ಳುವುದು. ಅದಕ್ಕೂ ಕೆಳಗೆ ಇಳಿಯಬೇಕು.

"ಎಷ್ಟು ಚಿನ್ನ ನೋಡಿದ್ದೀಯಪ್ಪ?" ಎಂದು ನಾವು ಕೇಳಿದೆವು.

ಅದಕ್ಕೆ ಉತ್ತರ ಕೊಟ್ಟವರು ತಂದೆ. "ಮೂವತ್ತನಾಲ್ಕು ವರ್ಷ ಇಳಿದು ಹತ್ತಿದೆ. ಚಿನ್ನ ಕಂಡದ್ದು ಇವಳ ಕೊರಳಲ್ಲಿ ಮಾತ್ರ. ನಮಗೆ ಸಿಕ್ಕಿದ್ದೆಲ್ಲ ಕಲ್ಲು."

ಮಾತು ನಿಜ. ಒಂದು ಟನ್ ಕಲ್ಲನ್ನು ಒಡೆದು, ಗುಂಡುಗಳ ಗಿರಣಿಯಲ್ಲಿ ಹಿಟ್ಟು ಮಾಡಿ, ಸಯನೈಡಿನ ನೀರಿನಲ್ಲಿ ಕರಗಿಸಿ ತೆಗೆದರೆ ಕೈಗೆ ಬರುವುದು ಮೂರು ಗ್ರಾಮಿನ ಆಸುಪಾಸು. ನಮ್ಮ ಸೀಮೆಯ ಮದುವೆಗಳಲ್ಲಿ ಹತ್ತು ತೊಲ ಹಾಕಿದೆವು, ಹದಿನೈದು ಹಾಕಿದೆವು ಎಂದು ಹೇಳುವವರು ಒಂದು ಕ್ಷಣ ಕುಳಿತು ಲೆಕ್ಕ ಹಾಕಲಿ. ಈಗಿನ ಅಂಗಡಿಯ ಲೆಕ್ಕದಂತೆ ತೊಲಕ್ಕೆ ಹತ್ತು ಗ್ರಾಂ ಹಿಡಿದರೂ ಹತ್ತು ತೊಲಕ್ಕೆ ಮೂವತ್ತು ಟನ್ನಿಗೂ ಮಿಕ್ಕ ಬಂಡೆ, ಎಂದರೆ ಮೂರು ಲಾರಿ ಕಲ್ಲು, ನೆಲದೊಳಗಿಂದ ಮೇಲೆ ಬರಬೇಕು. ಹಟ್ಟಿಯವರು ವರ್ಷವಿಡೀ ಹಗಲಿರುಳು ದುಡಿದು ತೆಗೆಯುವ ಚಿನ್ನ ಒಂದೂವರೆ ಟನ್ನಿನ ಸುಮಾರು. ನಮ್ಮ ದೇಶ ವರ್ಷಕ್ಕೆ ಕೊಳ್ಳುವುದು ನೂರಾರು ಟನ್. ಉಳಿದದ್ದೆಲ್ಲ ಹೊರದೇಶಗಳ ಇಂಥವೇ ಗಣಿಯೂರುಗಳಿಂದ, ನಾವು ಹೆಸರೂ ಕೇಳದ ಊರುಗಳಿಂದ ಬರುತ್ತದೆ. ಅಲ್ಲಿಯೂ ಒಬ್ಬ ತಾಯಿ ಪಾಳಿ ಮುಗಿಯುವುದನ್ನು ಕಾಯುತ್ತಿರುತ್ತಾಳೆ.

ಹುಡುಗನ ತಾಯಿ ಜಗಳೂರಿನಿಂದ ಬಂದವರಾದರೂ ಮಾತು ಪೂರ್ತಿ ರಾಯಚೂರಿನದಾಗಿತ್ತು. ರಾತ್ರಿಯ ಪಾಳಿಯ ವಿಷಯ ಕೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಮೊದಲನೇ ವರ್ಷ ನಿದ್ದಿನೇ ಇಲ್ರಿ ಅಜ್ಜಾರ. ಸೈರನ್ ಕೂಗಿದ್ರ ಎದಿ ಒಡೀತಿತ್ತು. ಆಮ್ಯಾಲ ಹೆಂಗಾತಂದ್ರ, ಸೈರನ್ ಕೂಗಲಿಲ್ಲಂದ್ರ ನಿದ್ದಿ ಬರ್ತಿರಲಿಲ್ಲ." ಮೊದಲ ಬಾಣಂತನಕ್ಕೆ ತಾಯಿ ಜಗಳೂರಿನಿಂದ ಬರಲಾಗದೆ ಹೋದಾಗ ಒಂದು ಕಡೆಯ ಮನೆಯ ತೆಲುಗಿನವರು, ಇನ್ನೊಂದು ಕಡೆಯ ಮುಸಲ್ಮಾನರು ಹತ್ತು ದಿನ ಅಡಿಗೆ ಮಾಡಿ ಹಾಕಿದರಂತೆ. "ಒಳಗ ಇಳಿದಾಗ ಒಂದ ಬಾಟ್ಲಿ ನೀರು ಎಲ್ಲಾರೂ ಕುಡೀತಾರ್ರಿ. ಮ್ಯಾಲ ಬಂದ ಮ್ಯಾಲ ಬ್ಯಾರೆ ಹೆಂಗ ಆಗ್ತೀವಿ?" ಮಠದ ಪಂಕ್ತಿಯಲ್ಲಿ ಕುಳಿತು ಸಮಾನತೆಯನ್ನು ಉಪನ್ಯಾಸ ಮಾಡಿದ ನಮಗೆ ಈ ಮಾತು ಸ್ವಲ್ಪ ನಾಟಿತು.

ತಾವೆಂದಾದರೂ ಗಣಿಯೊಳಗೆ ಇಳಿದಿದ್ದಿರಾ ಎಂದು ಕೇಳಿದೆವು. ಇಲ್ಲವೆಂದರು. 1952ರ ಗಣಿ ಕಾಯ್ದೆಯು ಹೆಂಗಸರಿಗೆ ನೆಲದೊಳಗಿನ ಕೆಲಸವನ್ನು ನಿಷೇಧಿಸಿತ್ತು. 2019ರಲ್ಲಿ ಅದನ್ನು ಕೆಲವು ಕಟ್ಟಳೆಗಳೊಂದಿಗೆ ಸಡಿಲಿಸಿದ್ದಾರೆ. ನಾವೂ ಇಳಿಯಲಿಲ್ಲ. ಸಂದರ್ಶಕರಿಗೆ ಅನುಮತಿ ಬೇಕು. ನಮ್ಮ ಮೊಣಕಾಲಿಗೂ ಅದು ಒಗ್ಗುವ ಮಾತಲ್ಲ. ಮಲ್ಲಪ್ಪ ಶಾಫ್ಟ್ ಎಂದು ಹೆಸರಾದ ಬಾವಿಯ ರಾಟೆ ತಿರುಗುವುದನ್ನು ಬೇಲಿಯ ಹೊರಗೆ ನಿಂತು ನೋಡಿದೆವು. ಪಾಳಿ ಮುಗಿಸಿ ಹೊರಬಂದವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಯಾರೊಡನೆಯೂ ಮಾತಾಡದೆ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ ನಗು, ಬೀಡಿ, ಸೈಕಲ್ ಮೋಟಾರು.

ಸಂಜೆ ಹುಡುಗನ ತಂದೆ ನಮ್ಮನ್ನು ಕರೆದುಕೊಂಡು ತಾವು ಕಟ್ಟಿಸಿದ ಮನೆಯನ್ನು ತೋರಿಸಿದರು. ಕಂಪನಿಯ ವಸತಿ ನೌಕರಿ ಇರುವವರೆಗೆ ಮಾತ್ರ. ನಿವೃತ್ತಿಯಾದವನು ಖಾಲಿ ಮಾಡಿ ಹೊರಡಬೇಕು. ಮಗನಿಗೆ ನೌಕರಿ ಇರುವುದರಿಂದ ಈಗ ವಸತಿ ಮಗನ ಹೆಸರಿನಲ್ಲಿದೆ. ಆದರೂ ಕ್ಯಾಂಪಿನ ಆಚೆ, ಹಳೆಯ ಊರಿನ ಅಂಚಿನಲ್ಲಿ ಮೂರು ಕೋಣೆಯ ಮನೆ ಎದ್ದಿದೆ. ಗಾರೆಯ ಕೆಲಸ ಬಾಕಿಯಿತ್ತು. ಹೊಸ್ತಿಲ ಮೇಲೆ ಕುಳಿತು ಅವರು ತಮ್ಮ ಕತೆಯನ್ನು ಹೇಳಿದರು.

ಎಂಬತ್ತರ ದಶಕದ ನಡುವಿನ ಬರಗಾಲದಲ್ಲಿ ಜಗಳೂರಿನ ಹೊಲ ಮೂರು ವರ್ಷ ಬಿತ್ತಿದ ಬೀಜವನ್ನೂ ಹಿಂದಿರುಗಿಸಲಿಲ್ಲ. ಪರಿಚಿತರೊಬ್ಬರ ಬೆನ್ನು ಹತ್ತಿ ಹಟ್ಟಿಗೆ ಬಂದರು. ಎರಡು ವರ್ಷ ದುಡಿದು, ಎತ್ತು ಕೊಂಡು ಹಿಂದಿರುಗಬೇಕೆಂಬ ಲೆಕ್ಕ. ಎತ್ತಿನ ಹಣ ತಂಗಿಯ ಮದುವೆಗೆ ಹೋಯಿತು. ಆಮೇಲಿನ ಹಣ ಮಕ್ಕಳ ಓದಿಗೆ. ಹೊಲವನ್ನು ಕಡೆಗೂ ಮಾರಿದರು. ಮಾರಿದ ಕೆಲವು ವರ್ಷಗಳಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದಿತು. "ನನ್ನ ಹೊಲದ ಹಿಂದಿನ ಕೆರೆಗೆ ನೀರು ಬಂದದ್ದನ್ನು ತಮ್ಮ ಫೋನಿನಲ್ಲಿ ತೋರಿಸಿದ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ನಾವೂ ಸುಮ್ಮನಿದ್ದೆವು.

ಅನಂತರ ನಾವು, ಗೌಡರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆವು. ಕೋಲಾರದಂತೆ ಇದೂ ಮುಚ್ಚಿದರೆ? ಮುಚ್ಚಿದ ಕೆಲವು ವರ್ಷಗಳ ಮೇಲೆ ನಾವು ಒಮ್ಮೆ ಕೋಲಾರದ ಗಣಿಯೂರಿಗೆ ಹೋಗಿದ್ದೆವು. ಸುಮಾರು ಮೂರು ಕಿಲೋಮೀಟರು ಆಳದವರೆಗೆ ತೋಡಿದ, ಬೆಂಗಳೂರಿಗಿಂತ ಮೊದಲೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಊರು ಅದು. ಬೆಳಗಿನ ರೈಲಿನಲ್ಲಿ ಊರಿಗೆ ಊರೇ ಬೆಂಗಳೂರಿಗೆ ಕೂಲಿಗೆ ಹೋಗುತ್ತಿತ್ತು. ಹಗಲಲ್ಲಿ ಉಳಿದವರು ಮುದುಕರು, ಸಯನೈಡ್ ಗುಡ್ಡಗಳು, ಗಾಳಿ ಬಂದಾಗ ಆ ಗುಡ್ಡಗಳ ಧೂಳು.

ಅವರು ನಮ್ಮನ್ನು ನೋಡಿ, "ಮುಚ್ಚೇ ಮುಚ್ಚುತ್ತದೆ. ನನ್ನ ಕಾಲದಲ್ಲೋ, ಮಗನ ಕಾಲದಲ್ಲೋ, ಮೊಮ್ಮಗನ ಕಾಲದಲ್ಲೋ ಗೊತ್ತಿಲ್ಲ. ಕಲ್ಲು ಹುಟ್ಟುವುದಿಲ್ಲವಲ್ಲ. ಅದಕ್ಕೇ ಈ ಮನೆಯ ಹಿಂದೆ ಹೊಲ ಕೊಂಡಿದ್ದೇನೆ. ಎರಡೆಕರೆ, ತೊಗರಿ. ನಿಮ್ಮ ಹುಡುಗಿಯ ತಂದೆಗೆ ಇದನ್ನು ಮುಚ್ಚಿಡದೆ ಹೇಳಿಬಿಡಿ" ಎಂದರು.

ಮರುದಿನ ಅಲ್ಲಿಂದ ಅಷ್ಟೇನೂ ದೂರವಿಲ್ಲದ ಗುರುಗುಂಟಾ ಅಮರೇಶ್ವರಕ್ಕೆ ಹೋದೆವು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರು ಇದೇ ಅಮರೇಶ್ವರವೆಂಬುದನ್ನು ನಮ್ಮ ಓದುಗರು ಬಲ್ಲರು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕ ಅವರದು. ಗಂಡ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದವಳು ಲಕ್ಕಮ್ಮ. ಈ ಕತೆಯನ್ನು ಪುರಾಣ ಪ್ರವಚನಗಳಲ್ಲಿ ನಾವು ನೂರು ಸಲ ಹೇಳಿದ್ದೇವೆ. ಮಿಕ್ಕ ಅಕ್ಕಿಯ ಮೇಲೆಯೇ ನಮ್ಮ ಕಣ್ಣು ಇರುತ್ತಿತ್ತು. ಆ ದಿನ ಮಾತ್ರ ಬೇರೊಂದು ಹೊಳೆಯಿತು. ಆ ಇಬ್ಬರೂ ತಮ್ಮ ಊರನ್ನು ಬಿಟ್ಟು ಹೋದವರು. ಅಮರೇಶ್ವರದಿಂದ ಕಲ್ಯಾಣಕ್ಕೆ ಗಂಡನ ಬೆನ್ನ ಹಿಂದೆ ನಡೆದು ಹೋಗುವಾಗ ಲಕ್ಕಮ್ಮನ ತವರಿನವರೂ ಹೊಸ್ತಿಲಲ್ಲಿ ನಿಂತು "ಅಲ್ಲಿ ಇವಳಿಗೆ ಯಾರಿದ್ದಾರೆ" ಎಂದು ಅತ್ತಿರಬೇಕು. ಚಿನ್ನದ ನೆಲದಲ್ಲಿ ಹುಟ್ಟಿದವಳು ಅಕ್ಕಿ ಆಯಲು ಹೋದಳು. ಈಗ ಅಕ್ಕಿಯ ನೆಲದ ಹುಡುಗಿಯೊಬ್ಬಳು ಚಿನ್ನದ ಊರಿಗೆ ಬರುವ ಮಾತು ನಡೆದಿದೆ.

ಊರಿಗೆ ಹಿಂದಿರುಗಿ ಗೌಡರ ಮನೆಗೆ ಹೋದೆವು. ಕಂಡದ್ದನ್ನು ಒಂದನ್ನೂ ಬಿಡದೆ ಹೇಳಿದೆವು: ಧೂಳು, ಸೆಕೆ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಬಿಸಿಲು, ಶಾಲೆ ಆಸ್ಪತ್ರೆಗಳು, ನೆರೆಹೊರೆ, ಹೊಸ್ತಿಲ ಮೇಲಿನ ಆ ಮಾತು. ಗೌಡರು ಕೊನೆಯದನ್ನು ಮಾತ್ರ ಹಿಡಿದುಕೊಂಡರು. "ನೋಡಿದಿರಾ, ಅವರೇ ಮುಚ್ಚುತ್ತದೆ ಎನ್ನುತ್ತಾರೆ. ಮುಗಿದುಹೋಗುವ ಜಾಗಕ್ಕೆ ಕೊಡಲೇ? ಇಲ್ಲಾದರೆ ಕೆರೆಯಿದೆ, ತೋಟವಿದೆ."

ನಾವು ತೋಟದ ಕಡೆ ನೋಡಿದೆವು. "ಗೌಡರೇ, ಹೋದ ಬೇಸಿಗೆಯಲ್ಲಿ ಕೊರೆಸಿದ ಬೋರ್‌ವೆಲ್ ಎಷ್ಟು ಅಡಿ?"

"ಏಳುನೂರ ಇಪ್ಪತ್ತು."

"ಅದಕ್ಕೆ ಮುಂಚಿನದು?"

"ನಾನೂರು. ಬತ್ತಿತು."

"ನಿಮ್ಮ ತಂದೆಯವರ ಕಾಲದಲ್ಲಿ?"

"ಬಾವಿಯಿತ್ತು. ಮೂವತ್ತಡಿ."

ಹಟ್ಟಿಯ ಹಳಬರು ಬೆಂಕಿ ನೀರುಗಳಿಂದ ಇಳಿದ ಆಳವನ್ನು ನಮ್ಮ ಗೌಡರು ಆರು ಗಂಟೆಯಲ್ಲಿ ಯಂತ್ರದಿಂದ ದಾಟಿದ್ದರು. ಕೆರೆಯ ನೀರು ವರ್ಷ ವರ್ಷ ಬರುತ್ತದೆ, ನಿಜ. ಹರಿದ್ರಾವತಿ ಹರಿಯುವವರೆಗೆ, ಭದ್ರಾ ನಾಲೆ ಕೈಬಿಡದವರೆಗೆ. ಆದರೆ ಕೆರೆಗೆ ಒಗ್ಗುವಷ್ಟು ಭತ್ತ ಬೆಳೆಯುವುದನ್ನು ಬಿಟ್ಟು ಸೀಮೆಯ ತುಂಬ ಅಡಿಕೆ ಹಾಕಿ, ಕಲ್ಲಿನ ಸಂದಿಯಲ್ಲಿ ಎಷ್ಟೋ ಕಾಲದಿಂದ ಕೂಡಿದ ನೀರನ್ನು ಮೇಲೆತ್ತುತ್ತಿರುವ ನಾವು ಮಾಡುತ್ತಿರುವುದು ಬೇಸಾಯವೋ ಗಣಿಗಾರಿಕೆಯೋ ಎಂಬುದನ್ನು ಒಮ್ಮೆ ನೋಡಿಕೊಳ್ಳಬೇಕು. ಹಟ್ಟಿಯವರಿಗೆ ತಾವು ಗಣಿಯಲ್ಲಿದ್ದೇವೆಂಬುದು ಗೊತ್ತಿದೆ. ಅದಕ್ಕೇ ಆ ಮನುಷ್ಯ ಎರಡೆಕರೆ ತೊಗರಿ ಇಟ್ಟುಕೊಂಡಿದ್ದಾನೆ. ಇದನ್ನು ನಾವು ಹೇಳಿದಾಗ ಗೌಡರಿಗೆ ಸ್ವಲ್ಪ ಕೋಪ ಬಂದಿತು. ಸ್ನೇಹ ಹಳೆಯದಾದ್ದರಿಂದ ನುಂಗಿಕೊಂಡರು.

ಅಷ್ಟು ಹೊತ್ತೂ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಆಗ ಹೊರಗೆ ಬಂದಳು. ಬಿ.ಎಡ್. ಮುಗಿಸಿದವಳು. ಅವಳನ್ನು ನಾವಾರೂ ಏನೂ ಕೇಳಿರಲಿಲ್ಲವೆಂಬುದು ನಮಗೆ ಹೊಳೆದದ್ದೇ ಆಗ. ಇನ್ನೂರು ಮೈಲಿ ಹೋಗಿ ಬಂದ ನಮ್ಮ ಪಾಂಡಿತ್ಯಕ್ಕೆ ಅದು ಶೋಭೆಯಲ್ಲ.

"ಅಜ್ಜಾ, ಅವರ ಮನೆಯಲ್ಲಿ ರಾತ್ರಿ ಪಾಳಿ ಇದ್ದಾಗ ಹಗಲಲ್ಲಿ ಮಲಗುತ್ತಾರಲ್ಲ, ಆಗ ಮನೆಯಲ್ಲಿ ಉಳಿದವರು ಗಟ್ಟಿಯಾಗಿ ಮಾತಾಡುತ್ತಾರೋ, ಪಿಸುಗುಡುತ್ತಾರೋ?"

ನಾವು ನೆನಪು ಮಾಡಿಕೊಂಡೆವು. ಹುಡುಗ ಎದ್ದು ಬರುವವರೆಗೆ ಆ ತಾಯಿ ರೊಟ್ಟಿಯನ್ನು ಬಡಿದಿರಲಿಲ್ಲ. ಹಿಟ್ಟನ್ನು ನಾದಿಟ್ಟು ಕಾದಿದ್ದರು. ತಂದೆ ನಮ್ಮನ್ನು ಬಾಗಿಲಲ್ಲೇ ಕೈಸನ್ನೆಯಿಂದ ಬರಮಾಡಿಕೊಂಡು ಜಗುಲಿಯಲ್ಲಿ ಕೂರಿಸಿದ್ದರು. ಅದನ್ನು ಹೇಳಿದೆವು.

ಅವಳು ತಂದೆಯ ಕಡೆ ತಿರುಗಿ, "ನಾನೂ ಒಂದು ಸಲ ಹೋಗಿ ನೋಡಿ ಬರುತ್ತೇನೆ, ಅಪ್ಪಾಜಿ" ಎಂದಳು.

ಬರುವ ಸೋಮವಾರ ಅವರ ಮನೆಯವರೆಲ್ಲ ಹೊರಡುತ್ತಿದ್ದಾರೆ. ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು ಬಂಡೆಯನ್ನು ನೋಡಬೇಕೆಂದು ನಾವು ಹೇಳಿ ಕಳುಹಿಸಿದ್ದೇವೆ. ಗೌಡರು ಇಳಿಯುವುದು ಸಂಶಯ.